ಮರುದಿನ ಕೊಂಡ ಕ್ಯಾಮೆರಾ

1966ರ ಆಗಸ್ಟ್ 6ರಂದು ಬೀಜಿಂಗಿನ ಶೀದಾನ್ ಪ್ರದೇಶದ ಅಂಗಡಿಯೊಂದರಲ್ಲಿ ವಾಂಗ್ ಜಿಂಗ್ಯಾವೊ ಎಂಬ ಇತಿಹಾಸಕಾರರು ಒಂದು ಕ್ಯಾಮೆರಾ ಕೊಂಡರು. ಅವರ ಪತ್ನಿ ಬಿಯಾನ್ ಝೋಂಗ್ಯುನ್ ಹಿಂದಿನ ದಿನವಷ್ಟೇ ತೀರಿಕೊಂಡಿದ್ದರು. ತಾವು ಹದಿನೇಳು ವರ್ಷ ದುಡಿದ ಹೆಣ್ಣುಮಕ್ಕಳ ಶಾಲೆಯಲ್ಲಿ, ಅದೇ ಶಾಲೆಯ ವಿದ್ಯಾರ್ಥಿನಿಯರು ಹೊಡೆದ ಹೊಡೆತಗಳಿಂದ ಅವರು ಪ್ರಾಣ ಬಿಟ್ಟಿದ್ದರು. ನಾಲ್ಕು ಮಕ್ಕಳ ತಂದೆಯಾದ ವಾಂಗ್ ಮರುದಿನ ಮಾಡಿದ ಕೆಲಸವೆಂದರೆ, ಕ್ಯಾಮೆರಾ ಹಿಡಿದು ಆಸ್ಪತ್ರೆಗೆ ಹೋಗಿ, ಬಾವು ಮತ್ತು ಗಾಯಗಳಿಂದ ತುಂಬಿದ್ದ ಪತ್ನಿಯ ದೇಹದ ಚಿತ್ರಗಳನ್ನು ತೆಗೆದದ್ದು. ಆಮೇಲೆ ಅವರು ದೇಹದ ಬಳಿಯಿದ್ದ ಮಕ್ಕಳ ಚಿತ್ರ ತೆಗೆದರು. ಮನೆಯ ಬಾಗಿಲಿಗೂ ಗೋಡೆಗೂ ವಿದ್ಯಾರ್ಥಿನಿಯರು ಅಂಟಿಸಿ ಹೋಗಿದ್ದ ನಿಂದನೆಯ ಭಿತ್ತಿಪತ್ರಗಳ ಚಿತ್ರ ತೆಗೆದರು. ಕೊನೆಗೆ ಚಿತಾಗಾರದ ಚಿಮಣಿಯ ಚಿತ್ರವನ್ನೂ ತೆಗೆದರು. ನಲವತ್ತು ವರ್ಷಗಳ ನಂತರ ಹು ಜ್ಯೆ ಎಂಬ ಸಾಕ್ಷ್ಯಚಿತ್ರಕಾರರು ಅವರ ಮನೆಗೆ ಬಂದು ಕುಳಿತು, ಅವರು ಹೇಳಿದ್ದನ್ನೂ ತೋರಿಸಿದ್ದನ್ನೂ ದಾಖಲಿಸಿ 2006ರಲ್ಲಿ ಒಂದು ಚಿತ್ರ ಮಾಡಿದರು. ಅದರ ಹೆಸರನ್ನು ಕನ್ನಡದಲ್ಲಿ ‘ನಾನು ಇಲ್ಲವಾದರೂ’ ಎಂದು ಹೇಳಬಹುದು. ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಅವಧಿಯ, ಬಹುಪಾಲು ಕಪ್ಪು ಬಿಳುಪಿನಲ್ಲೇ ಸಾಗುವ ಈ ಚಿತ್ರ, ಅಧ್ಯಕ್ಷ ಮಾವೋ 1966ರಲ್ಲಿ ಆರಂಭಿಸಿ ಹತ್ತು ವರ್ಷ ನಡೆದ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಬಗ್ಗೆ ನಾನು ನೋಡಿದ ಚಿತ್ರಗಳಲ್ಲಿ ಅತ್ಯಂತ ಮುಖ್ಯವಾದದ್ದು ಎಂದು ನಂಬಿದ್ದೇನೆ. ಆ ನಂಬಿಕೆಗೆ ಕಾರಣಗಳನ್ನು ವಿವರವಾಗಿ ಬರೆಯಬೇಕೆನಿಸಿದೆ.

ಸಾಂಸ್ಕೃತಿಕ ಕ್ರಾಂತಿಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಮೇಲಿನಿಂದ ಆರಂಭವಾಗುತ್ತವೆ. 1958ರಿಂದ ಮೂರು ನಾಲ್ಕು ವರ್ಷ ನಡೆದ ‘ಮಹಾ ಮುನ್ನಡೆ’ ಎಂಬ ಅವಸರದ ಕೈಗಾರಿಕೀಕರಣದ ಅಭಿಯಾನವೂ ಅದರಿಂದ ಬಂದ ಭೀಕರ ಕ್ಷಾಮವೂ ಮಾವೋ ಅವರ ಸ್ಥಾನವನ್ನು ಪಕ್ಷದೊಳಗೆ ಅಲುಗಾಡಿಸಿದ್ದು, ಪಕ್ಷದ ಹಿರಿಯ ನಾಯಕರಾದ ಲಿಯು ಶಾವೊಚಿ ಮತ್ತು ಡೆಂಗ್ ಶಿಯಾವೊಪಿಂಗ್ ಆಡಳಿತವನ್ನು ಹದಕ್ಕೆ ತರಲು ಯತ್ನಿಸಿದ್ದು, ಮಾವೋ ಪಕ್ಷದ ವಿರುದ್ಧವೇ ಯುವಜನರನ್ನು ಎತ್ತಿಕಟ್ಟಿದ್ದು, ಸಾಂಸ್ಕೃತಿಕ ಕ್ರಾಂತಿಗೆ ಚಾಲನೆ ಕೊಟ್ಟ 1966ರ ಮೇ 16ರ ಪಕ್ಷದ ಸುತ್ತೋಲೆ, ಮೇ 25ರಂದು ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಕಾಣಿಸಿಕೊಂಡ ದೊಡ್ಡಕ್ಷರದ ಭಿತ್ತಿಪತ್ರ, ಜೂನ್ 1ರಂದು ಅದನ್ನು ಇಡೀ ದೇಶಕ್ಕೆ ಕೇಳುವಂತೆ ರೇಡಿಯೋದಲ್ಲಿ ಓದಿದ್ದು, ಇವೆಲ್ಲ ಆ ಕ್ರಮದಲ್ಲಿ ಬರುತ್ತವೆ. ಇದೆಲ್ಲ ನಿಜ ಮತ್ತು ತಿಳಿದಿರಲೇಬೇಕಾದದ್ದು. ಆದರೆ ಅಧಿಕಾರದ ಕದನದ ಕಥೆಯಾಗಿ ಓದುತ್ತ ಹೋದಂತೆ ಸತ್ತವರೆಲ್ಲ ಆ ಕದನದ ಅಡಿಟಿಪ್ಪಣಿಗಳಾಗಿಬಿಡುತ್ತಾರೆ. ಹು ಜ್ಯೆ ಅವರ ಚಿತ್ರ ಒಬ್ಬ ಹೆಂಗಸಿನ ಒಂದು ಮಧ್ಯಾಹ್ನವನ್ನು ಹಿಡಿದುಕೊಂಡು ಕೆಳಗಿನಿಂದ ಆರಂಭಿಸುತ್ತದೆ ಮತ್ತು ಆ ಮಧ್ಯಾಹ್ನವನ್ನು ಸಾಧ್ಯವಾಗಿಸಿದ ವ್ಯವಸ್ಥೆಯ ಕಡೆಗೆ ನೋಡುಗನೇ ತಲೆ ಎತ್ತಿ ನೋಡುವಂತೆ ಮಾಡುತ್ತದೆ.

ಬಿಯಾನ್ ಹುಟ್ಟಿದ್ದು 1916ರಲ್ಲಿ, ಅನ್‌ಹುಯಿ ಪ್ರಾಂತ್ಯದಲ್ಲಿ. ಜಪಾನಿನ ವಿರುದ್ಧದ ಯುದ್ಧದ ವರ್ಷಗಳಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದ ಅವರು 1941ರಲ್ಲಿ, ಅಂದರೆ ಪಕ್ಷದಲ್ಲಿರುವುದೇ ಅಪಾಯವಾಗಿದ್ದ ಕಾಲದಲ್ಲಿ, ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. 1949ರಲ್ಲಿ ಹೊಸ ಗಣರಾಜ್ಯ ಸ್ಥಾಪನೆಯಾದ ವರ್ಷದಿಂದಲೇ ಬೀಜಿಂಗ್ ನಾರ್ಮಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಹೆಣ್ಣುಮಕ್ಕಳ ಮಾಧ್ಯಮಿಕ ಶಾಲೆಯಲ್ಲಿ ಕೆಲಸ ಮಾಡುತ್ತ ಉಪಪ್ರಾಂಶುಪಾಲರಾದರು. ಅದು ರಾಜಧಾನಿಯ ಅತ್ಯಂತ ಪ್ರತಿಷ್ಠಿತ ಶಾಲೆಗಳಲ್ಲೊಂದು. ಮಾವೋ ಅವರ ಹೆಣ್ಣುಮಕ್ಕಳು ಅಲ್ಲಿ ಓದಿದ್ದರು. ಲಿಯು ಶಾವೊಚಿ ಮತ್ತು ಡೆಂಗ್ ಅವರ ಮಗಳಂದಿರು 1966ರಲ್ಲಿ ಅಲ್ಲಿನ ವಿದ್ಯಾರ್ಥಿನಿಯರಾಗಿದ್ದರು. ಪಕ್ಷದ, ಸೇನೆಯ, ಸರ್ಕಾರದ ದೊಡ್ಡ ಅಧಿಕಾರಿಗಳ ಮಕ್ಕಳೇ ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಬಿಯಾನ್ ಕ್ರಾಂತಿಯ ವಿರೋಧಿಯಾಗಿರಲಿಲ್ಲ, ಭೂಮಾಲಕಿಯಾಗಿರಲಿಲ್ಲ, ಹಿಂದಿನ ಕೌಮಿಂಟಾಂಗ್ ಸರ್ಕಾರದವರೂ ಆಗಿರಲಿಲ್ಲ. ಕ್ರಾಂತಿಯ ಮಕ್ಕಳಿಗೆ ಪಾಠ ಹೇಳಿಸುವ ಹೊಣೆ ಹೊತ್ತ ಕ್ರಾಂತಿಯ ಸದಸ್ಯೆಯೇ ಆಗಿದ್ದರು. ಚಿತ್ರ ಇದನ್ನು ಒತ್ತಿ ಹೇಳುವುದಿಲ್ಲ. ಗಂಡನ ಮಾತಿನ ನಡುವೆ ಅಲ್ಲಲ್ಲಿ ಸಿಗುವ ಚೂರುಗಳಿಂದ ನಾವೇ ಜೋಡಿಸಿಕೊಳ್ಳಬೇಕು, ಮತ್ತು ಜೋಡಿಸಿಕೊಂಡಾಗ ಮನಸ್ಸು ಭಾರವಾಗುತ್ತದೆ.

ಅವರ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದನ್ನು ಎಷ್ಟು ದಿನ ಕಳೆದರೂ ನನಗೆ ಮರೆಯಲಾಗಿಲ್ಲ. 1966ರ ಮಾರ್ಚ್ ತಿಂಗಳಲ್ಲಿ ಬೀಜಿಂಗಿಗೆ ದೂರವಲ್ಲದ ಶಿಂಗ್‌ತಾಯ್ ಪ್ರದೇಶದಲ್ಲಿ ದೊಡ್ಡ ಭೂಕಂಪಗಳಾದವು. ನಗರದ ಶಾಲೆಗಳಲ್ಲಿ ಮುನ್ನೆಚ್ಚರಿಕೆಯ ಮಾತುಗಳು ನಡೆದವು. ಭೂಮಿ ನಡುಗಿದಾಗ ತರಗತಿಯ ಗೋಡೆಯ ಮೇಲಿನ ಅಧ್ಯಕ್ಷ ಮಾವೋ ಅವರ ಭಾವಚಿತ್ರವನ್ನು ಹೊರಗೆ ತರಬೇಕೇ ಎಂದು ಯಾರೋ ಕೇಳಿದರು. ಬಿಯಾನ್ ಅದಕ್ಕೆ ನೇರವಾಗಿ ಉತ್ತರಿಸದೆ, ಮಕ್ಕಳು ಆದಷ್ಟು ಬೇಗ ಕಟ್ಟಡದಿಂದ ಹೊರಗೆ ಬಯಲಿಗೆ ಓಡಬೇಕು ಎಂದರು. ಯಾವುದೇ ಶಾಲೆಯ ಮೇಷ್ಟ್ರು ಹೇಳುವ ಮಾತು ಇದು. ಮಕ್ಕಳ ಜೀವದ ಹೊಣೆ ಹೊತ್ತವರು ಬೇರೆ ಏನನ್ನು ಹೇಳಲು ಸಾಧ್ಯ? ಮೂರು ತಿಂಗಳಲ್ಲಿ ಈ ಮಾತು ಅವರು ಮಾವೋ ಅವರನ್ನು ದ್ವೇಷಿಸುತ್ತಾರೆ ಎಂಬುದಕ್ಕೆ ಪುರಾವೆಯಾಗಿ ಭಿತ್ತಿಪತ್ರಗಳಲ್ಲಿ ಬಂತು. ಯಾವ ಮಕ್ಕಳು ಗೋಡೆ ಕುಸಿದು ಸಾಯಬಾರದು ಎಂದು ಆ ಹೆಂಗಸು ಯೋಚಿಸಿದ್ದರೋ ಆ ಮಕ್ಕಳಲ್ಲೇ ಕೆಲವರು ಅದನ್ನು ಅಪರಾಧವೆಂದು ಬರೆದರು. ಒಂದು ಇಡೀ ಸಮಾಜದ ವಿವೇಕ ಎಲ್ಲಿ ಮುರಿಯಿತು ಎಂಬುದನ್ನು ವಿವರಿಸಲು ದೊಡ್ಡ ಗ್ರಂಥಗಳು ಬೇಕಾಗುತ್ತವೆ, ಆದರೆ ಈ ಒಂದು ಆರೋಪವನ್ನು ನಿಧಾನವಾಗಿ ಯೋಚಿಸಿದರೆ ಮುರಿದ ಜಾಗ ಕಣ್ಣಿಗೆ ಕಾಣುತ್ತದೆ ಎಂದು ನನಗನಿಸುತ್ತದೆ.

ಜೂನ್ ತಿಂಗಳಲ್ಲೇ ಅವರನ್ನು ಸಭೆಯಲ್ಲಿ ನಿಲ್ಲಿಸಿ ಹೊಡೆದಿದ್ದರು. ತಮಗಾದ ಹಿಂಸೆಯನ್ನು ವಿವರಿಸಿ ಅವರು ಮೇಲಿನವರಿಗೆ ಪತ್ರ ಬರೆದರು, ನೆರವು ಬರಲಿಲ್ಲ. ಮೊದಲು ಶಾಲೆಗಳಿಗೆ ಪಕ್ಷವೇ ಕಳುಹಿಸಿದ್ದ ಕಾರ್ಯತಂಡಗಳನ್ನು ಜುಲೈ ಕೊನೆಯಲ್ಲಿ ಹಿಂದಕ್ಕೆ ಕರೆಸಿಕೊಂಡ ಮೇಲೆ ವಿದ್ಯಾರ್ಥಿಗಳ ಕೈ ಹಿಡಿಯುವವರು ಯಾರೂ ಉಳಿಯಲಿಲ್ಲ. ಆಗಸ್ಟ್ 1ರಂದು ಮಾವೋ ಚಿಂಗ್‌ಹ್ವಾ ವಿಶ್ವವಿದ್ಯಾಲಯಕ್ಕೆ ಸೇರಿದ ಮಾಧ್ಯಮಿಕ ಶಾಲೆಯಲ್ಲಿ ಕಟ್ಟಿದ್ದ ಮಾವೋ ಪರ ವಿದ್ಯಾರ್ಥಿ ದಳವಾದ ರೆಡ್ ಗಾರ್ಡ್‌ಗಳಿಗೆ ಬೆಂಬಲದ ಪತ್ರ ಬರೆದರು. ಆಗಸ್ಟ್ 5ರಂದು ‘ಕೇಂದ್ರ ಕಚೇರಿಯ ಮೇಲೆ ಗುಂಡಿನ ದಾಳಿ ಮಾಡಿ’ ಎಂಬ ತಮ್ಮದೇ ಭಿತ್ತಿಪತ್ರವನ್ನು ಬರೆದರು. ಅದೇ ಆಗಸ್ಟ್ 5ರ ಮಧ್ಯಾಹ್ನ ಈ ಶಾಲೆಯ ಹತ್ತನೆಯ ತರಗತಿಯ ಕೆಲವು ವಿದ್ಯಾರ್ಥಿನಿಯರು ಬಿಯಾನ್ ಸೇರಿದಂತೆ ಐವರು ಆಡಳಿತಗಾರರನ್ನು ಹೊರಗೆಳೆದು, ಮೈಮೇಲೆ ಮಸಿ ಸುರಿದು, ತಲೆಗೆ ಅವಮಾನದ ಟೋಪಿ ಹಾಕಿ ಮೆರವಣಿಗೆ ಮಾಡಿಸಿದರು. ಮೈದಾನದ ಮಣ್ಣು ಹೊರಿಸಿದರು. ಮೊಳೆ ಇರುವ ಮರದ ತುಂಡುಗಳಿಂದ ಹೊಡೆದರು. ಎರಡು ಮೂರು ಗಂಟೆಗಳ ನಂತರ ಬಿಯಾನ್ ಪ್ರಜ್ಞೆ ತಪ್ಪಿದರು. ಅವರನ್ನು ಕಸ ಸಾಗಿಸುವ ಕೈಗಾಡಿಯ ಮೇಲೆ ಹಾಕಲಾಯಿತು. ರಸ್ತೆಯ ಆಚೆ ಬದಿಯಲ್ಲೇ ಆಸ್ಪತ್ರೆ ಇತ್ತು. ಗಂಟೆಗಳು ಕಳೆದ ಮೇಲೆ ಅಲ್ಲಿಗೆ ಒಯ್ದಾಗ ಅವರು ಸತ್ತು ಬಹಳ ಹೊತ್ತಾಗಿತ್ತು. ಆಗ ಅವರಿಗೆ ಐವತ್ತು ವರ್ಷ.

ಇಷ್ಟನ್ನು ಬರೆಯುವಾಗಲೇ ಕೈ ತಡೆಯುತ್ತದೆ. ವಾಂಗ್ ಇದನ್ನು ಹೇಳುವಾಗ ದನಿ ಎತ್ತುವುದಿಲ್ಲ. ಎಂಬತ್ತು ದಾಟಿದ, ತೆಳ್ಳಗಿನ ದೇಹದ, ಮಾತನ್ನು ಅಳೆದು ಆಡುವ ಆ ಹಿರಿಯರು ಪತ್ನಿಯ ಸಾವಿನ ವಿವರಗಳನ್ನು ಇತಿಹಾಸಕಾರನ ಶಿಸ್ತಿನಿಂದ ಒಂದೊಂದಾಗಿ ಇಡುತ್ತಾರೆ. ಒಂದು ಪೆಟ್ಟಿಗೆ ತೆರೆಯುತ್ತಾರೆ. ಅದರೊಳಗೆ ಆ ದಿನ ಪತ್ನಿ ತೊಟ್ಟಿದ್ದ, ರಕ್ತದ ಕಲೆ ಕಂದಾಗಿ ಉಳಿದ ಬಟ್ಟೆಗಳಿವೆ, ಒಂದು ಕೈಗಡಿಯಾರವಿದೆ. ನಲವತ್ತು ವರ್ಷ ಕಾಪಾಡಿದ ಆ ಬಟ್ಟೆಯನ್ನು ಅವರು ಬಿಚ್ಚಿ ತೋರಿಸುವ ಭಾಗದಲ್ಲಿ ಹು ಜ್ಯೆ ಏನನ್ನೂ ಸೇರಿಸುವುದಿಲ್ಲ, ಕತ್ತರಿಸಿ ಅವಸರ ಮಾಡುವುದಿಲ್ಲ. ಕ್ಯಾಮೆರಾ ಆ ಕೈಗಳ ಮೇಲೆ ನಿಂತಿರುತ್ತದೆ. ಪಕ್ಕದಲ್ಲಿ ಆ ಕಾಲದ ರೇಡಿಯೋ ಧ್ವನಿ, ಮೆರವಣಿಗೆಯ ದೃಶ್ಯ, ಘೋಷಣೆ ಮತ್ತು ಹಾಡುಗಳನ್ನು ಚಿತ್ರ ಬಳಸಿಕೊಳ್ಳುತ್ತದೆ ನಿಜ. ಆದರೆ ಅವೆಲ್ಲ ಬಂದು ಹೋದ ಮೇಲೆ ಮತ್ತೆ ನಾವು ಆ ಮನೆಯ ಮೇಜಿನ ಎದುರಿಗೆ ಮರಳುತ್ತೇವೆ, ಮತ್ತು ಹೊರಗಿನ ಆ ಅಬ್ಬರಕ್ಕೂ ಈ ಮೇಜಿನ ಮೇಲಿರುವ ಬಟ್ಟೆಗೂ ಇರುವ ಸಂಬಂಧವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಸತ್ತ ಹೆಂಡತಿಯ ದೇಹದ ಚಿತ್ರ ತೆಗೆಯುವುದು ಎಂಥ ಕೆಲಸ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಶೋಕದಲ್ಲಿರುವ ಮನುಷ್ಯನಿಗೆ ಆ ದೇಹವನ್ನು ಮುಚ್ಚಬೇಕು, ಕಾಪಾಡಬೇಕು, ಯಾರ ಕಣ್ಣಿಗೂ ಬೀಳದಂತೆ ಗೌರವದಿಂದ ಕಳುಹಿಸಿಕೊಡಬೇಕು ಎನಿಸುವುದೇ ಸಹಜ. ವಾಂಗ್ ಅದಕ್ಕೆ ವಿರುದ್ಧವಾದದ್ದನ್ನು ಮಾಡಿದರು. ಗಾಯಗಳು ಕಾಣುವಂತೆ ಚಿತ್ರ ತೆಗೆದರು. ಅದರ ಹಿಂದಿನ ತರ್ಕ ಸಾಕ್ಷ್ಯಚಿತ್ರ ಸಾಗಿದಂತೆ ಸ್ಪಷ್ಟವಾಗುತ್ತದೆ. ಆ ದಿನಗಳಲ್ಲಿ ಯಾವ ಪೊಲೀಸ್ ಠಾಣೆಯೂ ದೂರು ಬರೆದುಕೊಳ್ಳುತ್ತಿರಲಿಲ್ಲ, ಯಾವ ಪತ್ರಿಕೆಯೂ ಸುದ್ದಿ ಮಾಡುತ್ತಿರಲಿಲ್ಲ, ಸಾವಿಗೆ ನಿಜವಾದ ಕಾರಣ ಬರೆಯುವ ಧೈರ್ಯ ವೈದ್ಯರಿಗೂ ಇರಲಿಲ್ಲ. ಸಾವಿನ ದಾಖಲೆಯನ್ನು ಬರೆಯಬೇಕಾದ ಎಲ್ಲ ಕೈಗಳೂ ಒಟ್ಟಿಗೆ ಹಿಂದೆ ಸರಿದಾಗ ಆ ಕೆಲಸ ಸತ್ತವಳ ಗಂಡನ ಮೇಲೆ ಬಿತ್ತು. ಅವರು ವೃತ್ತಿಯಿಂದ ಇತಿಹಾಸಕಾರರು. ದಾಖಲೆ ಇಲ್ಲದ ಘಟನೆಗೆ ಮುಂದೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಶೋಕಿಸುವ ಹಕ್ಕನ್ನು ಬದಿಗಿಟ್ಟು ಸಾಕ್ಷಿ ಹಿಡಿಯುವ ಹೊಣೆಯನ್ನು ಹೊತ್ತದ್ದು ಎಷ್ಟು ಕಠಿಣ ಆಯ್ಕೆ ಎಂಬುದನ್ನು ಅವರ ದನಿಯಲ್ಲೇ ಕೇಳಬಹುದು. ಮತ್ತೊಂದು ವಿಷಯ: ಆ ಫಿಲ್ಮಿನ ಸುರುಳಿಯೂ ಆ ಬಟ್ಟೆಗಳೂ ಮನೆ ಶೋಧನೆಯಲ್ಲಿ ಸಿಕ್ಕಿದ್ದರೆ ಇಡೀ ಕುಟುಂಬವೇ ನಾಶವಾಗುತ್ತಿತ್ತು. ಮನೆಗೆ ನುಗ್ಗಿ ಹುಡುಕುವುದು ಆ ತಿಂಗಳುಗಳಲ್ಲಿ ಬೀಜಿಂಗಿನಲ್ಲಿ ದಿನನಿತ್ಯದ ಸಂಗತಿಯಾಗಿತ್ತು. ಚಿತ್ರ ತೆಗೆದದ್ದು ಒಂದು ದಿನದ ಧೈರ್ಯವಾದರೆ ಅದನ್ನು ಹತ್ತು ವರ್ಷ ಬಚ್ಚಿಟ್ಟದ್ದು ದಿನದಿನವೂ ಹೊಸದಾಗಿ ತಂದುಕೊಳ್ಳಬೇಕಾದ ಧೈರ್ಯ.

ಇನ್ನೊಬ್ಬರ ಧೈರ್ಯವನ್ನೂ ಇಲ್ಲಿ ನೆನೆಯಬೇಕು. ಆ ಸಾವಿನ ನಂತರ ವಾಂಗ್ ಅವರಿಗೆ ಹೆಸರಿಲ್ಲದ ಒಂದು ಪತ್ರ ಬಂತು. ಶಾಲೆಯಲ್ಲಿ ಆ ದಿನ ಏನೇನು ನಡೆಯಿತು ಎಂಬುದನ್ನು ಅಲ್ಲಿನ ಶಿಕ್ಷಕರೊಬ್ಬರು ಗುರುತು ಮರೆಮಾಚಿ ಬರೆದಿದ್ದರು. ಪತ್ರವನ್ನು ವಾಂಗ್ ಇಟ್ಟುಕೊಂಡರು. ಎಲ್ಲರೂ ಮೌನವಾಗಿದ್ದರು ಎಂದು ಆ ಕಾಲದ ಬಗ್ಗೆ ಒಂದೇ ಮಾತಿನಲ್ಲಿ ತೀರ್ಮಾನಿಸುವ ಮುನ್ನ ಈ ಪತ್ರ ನಮ್ಮ ನೆನಪಿಗೆ ಬರಬೇಕು.

ಈಗ ಹದಿಮೂರು ದಿನ ಮುಂದಕ್ಕೆ ಹೋಗೋಣ. ಆಗಸ್ಟ್ 18ರಂದು ಟಿಯೆನಾನ್ಮೆನ್ ಚೌಕದಲ್ಲಿ ಸುಮಾರು ಹತ್ತು ಲಕ್ಷ ಯುವಜನ ಸೇರಿದರು. ಮಾವೋ ಸೇನೆಯ ಸಮವಸ್ತ್ರ ತೊಟ್ಟು ವೇದಿಕೆಯ ಮೇಲೆ ಬಂದರು. ಒಬ್ಬ ಹುಡುಗಿ ಮುಂದೆ ಬಂದು ಅವರ ತೋಳಿಗೆ ರೆಡ್ ಗಾರ್ಡ್ ಪಟ್ಟಿಯನ್ನು ಕಟ್ಟಿದಳು. ಹೆಸರೇನೆಂದು ಕೇಳಿದ ಮಾವೋ, ಸೌಮ್ಯತೆಯನ್ನು ಸೂಚಿಸುವ ಆ ಹೆಸರನ್ನು ಕೇಳಿ, ಹೋರಾಟದ ಗುಣ ಬೇಕು ಎಂಬರ್ಥದ ಮಾತನಾಡಿದರು. ಆ ಹುಡುಗಿ ಸೋಂಗ್ ಬಿನ್‌ಬಿನ್, ಸೇನಾಪತಿ ಸೋಂಗ್ ರೆನ್‌ಚ್ಯೋಂಗ್ ಅವರ ಮಗಳು ಮತ್ತು ಬಿಯಾನ್ ಅವರ ಶಾಲೆಯ ವಿದ್ಯಾರ್ಥಿ ಮುಖಂಡರಲ್ಲಿ ಒಬ್ಬಳು. ಆ ಕ್ಷಣದ ಛಾಯಾಚಿತ್ರ ಇಡೀ ಚೀನಾಕ್ಕೆ ಹರಡಿತು. ಅವಳ ಹೆಸರಿನಲ್ಲಿ ಪತ್ರಿಕೆಯಲ್ಲಿ ಲೇಖನವೂ ಬಂತು. ಅದನ್ನು ತಾನು ಬರೆದದ್ದಲ್ಲ ಎಂದು ಮುಂದೆ ಅವರು ಹೇಳಿದರು. ಹೀಗೆ ಒಂದೇ ಶಾಲೆಯಿಂದ, ಒಂದೇ ತಿಂಗಳಲ್ಲಿ ಎರಡು ಚಿತ್ರಗಳು ಹೊರಬಂದವು. ಒಂದು, ಕೋಟಿಗಟ್ಟಲೆ ಜನರು ನೋಡಿದ ಪಟ್ಟಿ ಕಟ್ಟುವ ಚಿತ್ರ. ಇನ್ನೊಂದು, ಒಂದು ಮನೆಯ ಪೆಟ್ಟಿಗೆಯೊಳಗೆ ಉಳಿದ ಮೃತದೇಹದ ಚಿತ್ರ. ಹು ಜ್ಯೆ ಅವರ ಸಾಧನೆ ಏನೆಂದು ನನ್ನನ್ನು ಕೇಳಿದರೆ, ಅವರು ಎರಡನೆಯ ಚಿತ್ರವನ್ನು ಮೊದಲನೆಯದರ ಪಕ್ಕದಲ್ಲಿ ತಂದಿಟ್ಟರು ಎನ್ನುತ್ತೇನೆ. ಇನ್ನು ಮುಂದೆ ಆ ಪ್ರಸಿದ್ಧ ಚಿತ್ರವನ್ನು ಒಂಟಿಯಾಗಿ ನೋಡುವುದು ಸಾಧ್ಯವಿಲ್ಲ.

ನಮ್ಮ ದೇಶಕ್ಕೂ ಬಂದದ್ದು ಆ ಮೊದಲನೆಯ ಬಗೆಯ ಚಿತ್ರಗಳೇ. ನಕ್ಸಲ್‌ಬಾರಿಯ ದಂಗೆಯನ್ನು ಚೀನಾದ ಪಕ್ಷದ ಪತ್ರಿಕೆ 1967ರ ಜುಲೈನಲ್ಲಿ ವಸಂತದ ಗುಡುಗು ಎಂದು ಹೊಗಳಿದಾಗ, ಕಲ್ಕತ್ತೆಯ ಗೋಡೆಗಳ ಮೇಲೆ ಚೀನಾದ ಅಧ್ಯಕ್ಷರೇ ನಮ್ಮ ಅಧ್ಯಕ್ಷರು ಎಂಬ ಬರಹ ಕಾಣಿಸಿಕೊಂಡಾಗ, ಅನ್ಯಾಯವನ್ನು ಕಂಡು ನಿಜವಾಗಿಯೂ ನೊಂದಿದ್ದ ನಮ್ಮ ಯುವಕರ ಕಣ್ಣ ಮುಂದೆ ಇದ್ದದ್ದು ಚೌಕದ ತುಂಬ ಮಾವೋ ಅವರ ಮಾತುಗಳ ಕೆಂಪು ಪುಸ್ತಕ ಎತ್ತಿ ಹಿಡಿದ ಉತ್ಸಾಹಿ ಮುಖಗಳು. ಕೈಗಾಡಿಯ ಮೇಲೆ ಹಾಕಿದ್ದ ಉಪಪ್ರಾಂಶುಪಾಲರ ವಿಷಯ ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅವರನ್ನು ದೂಷಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಒಂದು ಪ್ರಭುತ್ವ ತನ್ನ ಚಿತ್ರಗಳನ್ನು ಎಷ್ಟು ದೂರ ಕಳುಹಿಸಬಲ್ಲದು, ಬೇರೆ ಚಿತ್ರಗಳನ್ನು ಎಷ್ಟು ಕಾಲ ತಡೆಯಬಲ್ಲದು ಎಂಬುದು ಗಮನದಲ್ಲಿರಲಿ ಎಂದು ಹೇಳುತ್ತಿದ್ದೇನೆ.

ಆಗಸ್ಟ್ 18ರ ನಂತರ ಹಿಂಸೆ ಬೀಜಿಂಗಿನ ಎಲ್ಲ ಕಡೆಗೂ ಹರಡಿತು. ವಿದ್ಯಾರ್ಥಿಗಳ ಚಳವಳಿಯನ್ನು ಪೊಲೀಸರು ಹತ್ತಿಕ್ಕಬಾರದು ಎಂಬ ಆದೇಶ ಆಗಸ್ಟ್ 22ರಂದು ಹೊರಟಿತು. ಆಗಸ್ಟ್ 23ರಂದು ಕಾದಂಬರಿಕಾರ ಲಾವೊ ಶ ಅವರನ್ನು ಕನ್ಫ್ಯೂಷಿಯಸ್ ದೇವಾಲಯದ ಅಂಗಳದಲ್ಲಿ ಹೊಡೆದರು. ಮರುದಿನ ಅವರು ಕೆರೆಯಲ್ಲಿ ಮುಳುಗಿ ಸತ್ತರು. ತಿಂಗಳ ಕೊನೆಯಲ್ಲಿ ನಗರದ ಹೊರವಲಯದ ದಾಶಿಂಗ್ ಪ್ರದೇಶದಲ್ಲಿ ಕೆಲವೇ ದಿನಗಳಲ್ಲಿ, ಹಸುಗೂಸುಗಳನ್ನೂ ಬಿಡದೆ, 325 ಜನರನ್ನು ಕೊಲ್ಲಲಾಯಿತು. ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಬೀಜಿಂಗಿನಲ್ಲಿ ಸತ್ತವರು 1,772 ಎಂದು ಚೀನಾದ ಅಧಿಕೃತ ಲೆಕ್ಕವೇ ಹೇಳುತ್ತದೆ. ಇಡೀ ದಶಕದ ಸಾವುಗಳ ಅಂದಾಜು ಹಲವು ಲಕ್ಷಗಳಿಂದ 20 ಲಕ್ಷದವರೆಗೆ ಇದೆ. ಬಿಯಾನ್ ಅವರನ್ನು ಆ ಆಗಸ್ಟ್‌ನಲ್ಲಿ ಬೀಜಿಂಗಿನಲ್ಲಿ ವಿದ್ಯಾರ್ಥಿಗಳ ಕೈಯಲ್ಲಿ ಸತ್ತ ಮೊದಲ ಶಿಕ್ಷಕಿ ಎಂದು ಗುರುತಿಸುತ್ತಾರೆ. ಮೊದಲ ಸಾವಿಗೆ ಯಾವ ಶಿಕ್ಷೆಯೂ ಆಗಲಿಲ್ಲ ಎಂಬುದು ಮುಂದಿನ ಸಾವುಗಳಿಗೆ ಒಂದು ಬಗೆಯ ಅನುಮತಿಯಾಯಿತು ಎಂಬ ತೀರ್ಮಾನವನ್ನು ನಾನು ಈ ದಿನಾಂಕಗಳಿಂದ ತೆಗೆಯುತ್ತೇನೆ, ಮತ್ತು ಅದು ತಪ್ಪೆಂದು ತೋರುವ ಯಾವ ಸಂಗತಿಯೂ ನನ್ನ ಓದಿನಲ್ಲಿ ಸಿಕ್ಕಿಲ್ಲ.

ಇದೇ ಕಾಲವನ್ನು ಕುರಿತ ಇನ್ನೊಂದು ಗಂಭೀರ ಸಾಕ್ಷ್ಯಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಕಾರ್ಮಾ ಹಿಂಟನ್ ಮತ್ತು ಸಂಗಡಿಗರು 2003ರಲ್ಲಿ ಮಾಡಿದ ‘ಮಾರ್ನಿಂಗ್ ಸನ್’ ಚಿತ್ರದಲ್ಲಿ ಆ ಪೀಳಿಗೆಯ ಅನೇಕರು ಮಾತನಾಡುತ್ತಾರೆ. 1949ರಲ್ಲಿ ಬೀಜಿಂಗಿನಲ್ಲೇ ಹುಟ್ಟಿದ ಹಿಂಟನ್ ಅವರಿಗೆ ಆ ಪೀಳಿಗೆ ಹೊರಗಿನದಲ್ಲ. ಆದರ್ಶದಿಂದ ಕುದಿಯುತ್ತಿದ್ದ ಹದಿಹರೆಯದವರು ಹೇಗೆ ಆ ಹಿಂಸೆಗೆ ಹೋದರು ಎಂಬ ಪ್ರಶ್ನೆಯನ್ನು ಆ ಚಿತ್ರ ತುಂಬ ಸಹನೆಯಿಂದ ಕೇಳುತ್ತದೆ. ಸೋಂಗ್ ಬಿನ್‌ಬಿನ್ ಅದರಲ್ಲಿ ಮುಖವನ್ನು ಕತ್ತಲಲ್ಲಿ ಇಟ್ಟುಕೊಂಡು, ತಾನು ಹಿಂಸೆಯಲ್ಲಿ ಪಾಲ್ಗೊಳ್ಳಲಿಲ್ಲ ಎಂದು ಹೇಳಿದ್ದಾರೆ. ಅದು ಒಳ್ಳೆಯ ಚಿತ್ರ, ಅಗತ್ಯವಾದ ಚಿತ್ರ. ಆದರೂ ಅದನ್ನು ನೋಡಿ ಮುಗಿಸಿದಾಗ ನಮ್ಮ ಸಹಾನುಭೂತಿ ಬಹುಪಾಲು ಬದುಕಿ ಉಳಿದವರ ಕಡೆಗೇ ಹರಿದಿರುತ್ತದೆ. ತಮ್ಮ ಯೌವನ ಮೋಸಹೋದ ನೋವನ್ನು ಅವರು ಚೆನ್ನಾಗಿ ಹೇಳಬಲ್ಲರು, ಸತ್ತವರು ಹೇಳಲಾರರು. ಹು ಜ್ಯೆ ಅವರ ಚಿತ್ರದಲ್ಲಿ ಹೊಡೆದವರು ಯಾರೂ ಬಂದು ಮಾತನಾಡುವುದಿಲ್ಲ. ಇದನ್ನು ಕೊರತೆ ಎಂದು ಕೆಲವರು ಹೇಳಬಹುದು, ಮತ್ತು ಆ ಹುಡುಗಿಯರ ಮನಸ್ಸಿನಲ್ಲಿ ಏನಿತ್ತು ಎಂದು ತಿಳಿಯುವ ಆಸೆ ನನಗೂ ಇದೆ. ಜುಲೈ ಕೊನೆಯಲ್ಲಿ ಬೀಜಿಂಗಿನ ಶಾಲೆಗಳಲ್ಲಿ ಹಬ್ಬಿದ ಘೋಷಣೆಯೊಂದು ವೀರನ ಮಗ ವೀರ, ಪ್ರತಿಗಾಮಿಯ ಮಗ ನೀಚ ಎಂದು ಸಾರುತ್ತಿತ್ತು. ಹುಟ್ಟಿನಿಂದಲೇ ಕೆಲವರು ಪವಿತ್ರರು, ಕೆಲವರು ಕಳಂಕಿತರು ಎಂದು ನಂಬಿಸುವ ಈ ಮಾತು ಆ ಮಕ್ಕಳ ಕೈಗೆ ಯಾವ ಬಲವನ್ನು ಕೊಟ್ಟಿತು ಎಂಬುದು, ಜಾತಿಯ ನೆಲದಲ್ಲಿ ಬೆಳೆದ ನಮ್ಮಂಥವರು ತಟ್ಟನೆ ಗುರುತಿಸಬಹುದಾದ ಸಂಗತಿ. ಆದರೆ ಚಿತ್ರದ ಒಂದು ಗಂಟೆ ಸತ್ತವರ ಪಾಲಿಗೆ ಮೀಸಲಾಗಿರಬೇಕು ಎಂಬ ನಿರ್ದೇಶಕರ ನಿರ್ಧಾರ ಸರಿಯಾದದ್ದು. ತಮ್ಮನ್ನು ತಾವು ವಿವರಿಸಿಕೊಳ್ಳಲು ಹೊಡೆದವರಿಗೆ ಬೇರೆ ಅವಕಾಶಗಳು ಬಂದಿವೆ, ಬರುತ್ತಲೂ ಇವೆ.

ಹು ಜ್ಯೆ 1958ರಲ್ಲಿ ಶಾನ್‌ದೊಂಗ್ ಪ್ರಾಂತ್ಯದ ಜಿನಾನ್ ನಗರದಲ್ಲಿ ಹುಟ್ಟಿದವರು. ಹದಿನೈದು ವರ್ಷ ಸೇನೆಯಲ್ಲಿದ್ದವರು, ಸೇನೆಯ ಕಲಾಶಾಲೆಯಲ್ಲಿ ತೈಲವರ್ಣ ಕಲಿತವರು. ಆಮೇಲೆ ಅಧಿಕೃತ ಸುದ್ದಿಸಂಸ್ಥೆ ಶಿನ್‌ಹ್ವಾದಲ್ಲಿ ಕೆಲಸ ಮಾಡುತ್ತಿದ್ದಾಗ ಲಿನ್ ಝಾವ್ ಎಂಬ ಹೆಸರು ಅವರ ಕಿವಿಗೆ ಬಿತ್ತು. ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದ ಲಿನ್ ಝಾವ್ ಪಕ್ಷವನ್ನು ಟೀಕಿಸಿದವರನ್ನು ಹತ್ತಿಕ್ಕಿದ 1957ರ ಬಲಪಂಥೀಯ ವಿರೋಧಿ ಅಭಿಯಾನದಲ್ಲಿ ಸಿಕ್ಕಿಬಿದ್ದು, ಜೈಲಿನಲ್ಲಿ ತನ್ನ ರಕ್ತದಿಂದಲೇ ಬರೆಯುತ್ತ, 1968ರ ಏಪ್ರಿಲ್ 29ರಂದು ಶಾಂಘೈಯಲ್ಲಿ ಗುಂಡಿಗೆ ಬಲಿಯಾದವರು. ಆ ಗುಂಡಿನ ಬೆಲೆ ಐದು ಫೆನ್, ಅಂದರೆ ಚೀನಾದ ಐದು ಚಿಲ್ಲರೆ ಕಾಸು, ಎಂದು ಮನೆಯವರಿಂದ ವಸೂಲಿ ಮಾಡಲಾಯಿತು. ಆಕೆಯ ಬಗ್ಗೆ ಚಿತ್ರ ಮಾಡಲು ಹೊರಟ ಹು ಜ್ಯೆ ಕೆಲಸ ಬಿಡಬೇಕಾಯಿತು. ಆ ಚಿತ್ರ 2004ರಲ್ಲಿ ಮುಗಿಯಿತು. ಬಿಯಾನ್ ಅವರ ಚಿತ್ರ ಅದರ ನಂತರದ್ದು. ಚಿಕ್ಕ ಡಿಜಿಟಲ್ ಕ್ಯಾಮೆರಾ, ಯಾವ ಸಂಸ್ಥೆಯ ಬೆಂಬಲವೂ ಇಲ್ಲದ ಕೆಲಸ, ಚಿತ್ರಮಂದಿರದಲ್ಲಾಗಲಿ ದೂರದರ್ಶನದಲ್ಲಾಗಲಿ ತೋರಿಸುವ ಆಸೆಯೇ ಇಲ್ಲ. ಚೀನಾದಲ್ಲಿ ಇಂಥ ಚಿತ್ರಗಳು ನಕಲು ಮಾಡಿದ ಡಿಸ್ಕುಗಳಾಗಿ ಕೈಯಿಂದ ಕೈಗೆ ಹೋದವು, ಅಂತರಜಾಲದಲ್ಲಿ ಬಂದು ಅಳಿಸಿಹೋದವು. 2007ರಲ್ಲಿ ಯುನ್ನಾನ್ ಪ್ರಾಂತ್ಯದ ಸಾಕ್ಷ್ಯಚಿತ್ರೋತ್ಸವವೊಂದು ಈ ಚಿತ್ರವನ್ನು ಆಯ್ದುಕೊಂಡಾಗ ಆ ಉತ್ಸವವನ್ನೇ ಅಧಿಕಾರಿಗಳು ತಡೆದರು. ಸೇನೆಯಲ್ಲೂ ಸರ್ಕಾರಿ ಸುದ್ದಿಸಂಸ್ಥೆಯಲ್ಲೂ ಇದ್ದ ಮನುಷ್ಯ ತನ್ನ ಜೀವನದ ಉಳಿದ ಭಾಗವನ್ನು ಇಂಥ ಸಾವುಗಳ ಹುಡುಕಾಟಕ್ಕೆ ಕೊಟ್ಟದ್ದನ್ನು ನೆನೆದಾಗ ನನಗೆ ಅವರ ಬಗ್ಗೆ ಅಪಾರವಾದ ಗೌರವ ಹುಟ್ಟುತ್ತದೆ.

ವಾಂಗ್ ಅವರ ಹೋರಾಟ ಚಿತ್ರಕ್ಕಿಂತ ಹಳೆಯದು, ಚಿತ್ರದ ನಂತರವೂ ಮುಂದುವರಿಯಿತು. ಮಾವೋ ಅವರ ಮರಣದ ನಂತರ 1978ರಲ್ಲಿ ಬಿಯಾನ್ ಅವರ ಹೆಸರಿನ ಮೇಲಿದ್ದ ಕಳಂಕವನ್ನು ಅಧಿಕೃತವಾಗಿ ತೆಗೆದು ಶ್ರದ್ಧಾಂಜಲಿ ಸಭೆ ನಡೆಸಲಾಯಿತು. 1981ರ ಜೂನ್‌ನಲ್ಲಿ ಪಕ್ಷದ ನಿರ್ಣಯವು ಸಾಂಸ್ಕೃತಿಕ ಕ್ರಾಂತಿಯನ್ನು ಗಣರಾಜ್ಯ ಸ್ಥಾಪನೆಯ ನಂತರದ ಅತಿ ದೊಡ್ಡ ಹಿನ್ನಡೆ ಎಂದು ಒಪ್ಪಿಕೊಂಡಿತು. ಆದರೆ ವಾಂಗ್ ನ್ಯಾಯ ಕೇಳಿ ಕಾನೂನಿನ ಬಾಗಿಲು ತಟ್ಟಿದಾಗ ಸಿಕ್ಕ ಉತ್ತರ, ಮೊಕದ್ದಮೆ ಹೂಡುವ ಅವಧಿ ಮೀರಿದೆ ಎಂಬುದು. ದೂರು ಕೊಡಲು ಸಾಧ್ಯವೇ ಇಲ್ಲದಿದ್ದ ವರ್ಷಗಳನ್ನೂ ಅವಧಿಯೊಳಗೆ ಎಣಿಸಿದ ಆ ಲೆಕ್ಕ ನನಗೆ ಯಾವ ರೀತಿಯಿಂದಲೂ ಅರ್ಥವಾಗುವುದಿಲ್ಲ. 2007ರಲ್ಲಿ ಶಾಲೆ ತನ್ನ ತೊಂಬತ್ತನೆಯ ವರ್ಷವನ್ನು ಆಚರಿಸಿದಾಗ ಗೌರವಿಸಿದ ತೊಂಬತ್ತು ಹಳೆಯ ವಿದ್ಯಾರ್ಥಿನಿಯರಲ್ಲಿ ಸೋಂಗ್ ಬಿನ್‌ಬಿನ್ ಅವರೂ ಇದ್ದರು. ಟಿಯೆನಾನ್ಮೆನ್‌ನ ಆ ಚಿತ್ರವನ್ನು ಹೆಮ್ಮೆಯ ಕುರುಹಾಗಿ ಪ್ರದರ್ಶಿಸಲಾಯಿತು. ವಾಂಗ್ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು.

2013ರಲ್ಲಿ ಮಾರ್ಷಲ್ ಚೆನ್ ಯೀ ಅವರ ಮಗ ಚೆನ್ ಶಿಯಾವೊಲು ತಮ್ಮ ಶಾಲೆಯ ಶಿಕ್ಷಕರ ಕ್ಷಮೆ ಕೇಳಿದರು. 2014ರ ಜನವರಿ 12ರಂದು ಸೋಂಗ್ ಕೂಡ ಹಳೆಯ ಶಾಲೆಗೆ ಬಂದು, ಅಷ್ಟರಲ್ಲಿ ಅಲ್ಲಿ ಸ್ಥಾಪನೆಯಾಗಿದ್ದ ಬಿಯಾನ್ ಅವರ ಕಂಚಿನ ಪ್ರತಿಮೆಯ ಮುಂದೆ ತಲೆಬಾಗಿ, ಶಾಲೆಯ ಮುಖ್ಯಸ್ಥರನ್ನು ಕಾಪಾಡಲಾಗಲಿಲ್ಲವೆಂದು ಕಣ್ಣೀರಿಟ್ಟು ಕ್ಷಮೆ ಕೇಳಿದರು. ವಾಂಗ್ ಆ ಕ್ಷಮೆಯನ್ನು ಸ್ವೀಕರಿಸಲಿಲ್ಲ, ಅದು ಕಪಟವೆಂದರು. ಈ ನಿರಾಕರಣೆ ಕಠೋರವಾಯಿತು, ಎಂಬತ್ತು ತೊಂಬತ್ತು ದಾಟಿದ ವಯಸ್ಸಿನಲ್ಲಿ ಕ್ಷಮಿಸಿಬಿಡಬಹುದಿತ್ತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೋಂಗ್ ತಾವೇ ಹೊಡೆದರು ಎಂಬುದಕ್ಕೆ ಸಾಕ್ಷ್ಯವಿಲ್ಲ, ಮತ್ತು ಆ ಆರೋಪವನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ವಾಂಗ್ ಬಯಸಿದ್ದು ದುಃಖದ ಮಾತನ್ನಲ್ಲ. ಆ ಮಧ್ಯಾಹ್ನ ಯಾರು ಏನು ಮಾಡಿದರು, ಯಾರು ಆದೇಶಿಸಿದರು, ಯಾರು ನೋಡುತ್ತ ನಿಂತರು ಎಂಬ ಪೂರ್ಣ ಸಂಗತಿಯನ್ನು ಅವರು ಕೇಳುತ್ತಿದ್ದರು. ಸಾವಿನ ಮರುದಿನವೇ ಕ್ಯಾಮೆರಾ ಕೊಂಡವರು ಸಂಗತಿಯ ಜಾಗದಲ್ಲಿ ಭಾವನೆಯನ್ನು ಸ್ವೀಕರಿಸಬೇಕೆಂದು ನಿರೀಕ್ಷಿಸುವ ಹಕ್ಕು ಯಾರಿಗೂ ಇಲ್ಲ. ಸೋಂಗ್ 2024ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಈ ಚಿತ್ರ ಒಬ್ಬರ ಸಾವನ್ನು ಮಾತ್ರ ಹೇಳುತ್ತದೆ, ಒಂದು ಯುಗವನ್ನಲ್ಲ ಎಂಬ ಆಕ್ಷೇಪಕ್ಕೆ ನನ್ನಲ್ಲಿರುವ ಉತ್ತರ ಇನ್ನೊಬ್ಬರ ಕೆಲಸ. ಅದೇ ಶಾಲೆಯಲ್ಲಿ ಆಗ ವಿದ್ಯಾರ್ಥಿನಿಯಾಗಿದ್ದ ವಾಂಗ್ ಯೋಚಿನ್ ಮುಂದೆ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದರು. ದಶಕಗಳ ಕಾಲ ಶಾಲೆಯಿಂದ ಶಾಲೆಗೆ, ಮನುಷ್ಯರಿಂದ ಮನುಷ್ಯರಿಗೆ ವಿಚಾರಿಸುತ್ತ, ಸತ್ತವರ ಹೆಸರುಗಳನ್ನು ಕೂಡಿಹಾಕಿದರು. 2000ದಲ್ಲಿ ಅಂತರಜಾಲದಲ್ಲಿ ಒಂದು ಸ್ಮಾರಕ ತಾಣ ತೆರೆದರು. ಚೀನಾದೊಳಗೆ ಅದನ್ನು ತಡೆಯಲಾಯಿತು. 2004ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ 659 ಜನರ ಸಾವಿನ ವಿವರಗಳಿವೆ. ಅವರಲ್ಲಿ ಶಿಕ್ಷಕರಿದ್ದಾರೆ, ಅಡುಗೆಯವರಿದ್ದಾರೆ, ಶಾಲೆಯ ಕಾವಲುಗಾರರಿದ್ದಾರೆ, ಯಾರೂ ಕೇಳದ ಮನೆಯೊಡತಿಯರಿದ್ದಾರೆ. ಬಹುತೇಕರ ಪಾಲಿಗೆ ಉಳಿದಿರುವುದು ಹೆಸರು, ಸ್ಥಳ, ಕೆಲವು ಸಾಲುಗಳ ವಿವರ, ಅಷ್ಟೇ. ಅವರ ಗಂಡನೋ ಹೆಂಡತಿಯೋ ಮಕ್ಕಳೋ ಕ್ಯಾಮೆರಾ ಹಿಡಿದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಬಿಯಾನ್ ಅವರ ಒಂದು ಸಾವನ್ನು ಗಂಟೆಗಂಟೆಗೂ ಇಳಿದು ನೋಡಿದವರು ಈ ಪಟ್ಟಿಯ ಮೇಲೆ ಸುಮ್ಮನೆ ಕಣ್ಣಾಡಿಸಲಾರರು, ಪ್ರತಿ ಹೆಸರಿನ ಹಿಂದೆಯೂ ಇಂಥದೇ ಒಂದು ಮಧ್ಯಾಹ್ನ ಇದ್ದಿರಬೇಕೆಂದು ಅವರಿಗೆ ತಿಳಿದಿರುತ್ತದೆ. 1966ರ ಆಗಸ್ಟ್ 5ರಂದು ಆ ಶಾಲೆಯ ಅಂಗಳದಲ್ಲಿ ಕೋಲು ಎತ್ತಿದವರ ಮೇಲೆ ಯಾವ ನ್ಯಾಯಾಲಯವೂ ಇಂದಿನವರೆಗೆ ವಿಚಾರಣೆ ನಡೆಸಿಲ್ಲ.